ಅಜ್ಜಿಯ ಗಣೋ ಮತ್ತೆ ಹೊಲೆದೆ: ಕವಡೆ, ಪುಂಡಿ ನಾರು, ಮೂರು ವರ್ಷದ ನಷ್ಟ

"ಕವಡೆ ಕಾಸಿನ ಕಿಮ್ಮತ್ತಿಲ್ಲದ ಕೆಲಸ" ಅಂತ ನಮ್ಮ ಮಾವ ಮೊದಲ ದಿನವೇ ಅಂದಿದ್ದರು. ಅವರು ಗಾದೆ ಮಾತಿಗೆ ಅಂದದ್ದು. ನನ್ನ ಮುಂದೆ ಮಾತ್ರ ಆಗ ಮೊರದ ತುಂಬ ನಿಜವಾದ ಕವಡೆ ಇತ್ತು, ಎರಡು ಕಿಲೋ. ಈಗ ಅದೇ ಮಾವ ಬಂದವರಿಗೆಲ್ಲ ನಾನು ಹೊಲೆದ ಗಣೋ, ಅಂದರೆ ನಮ್ಮ ಲಂಬಾಣಿ ಹೆಂಗಸರು ಕೊಡದ ಕೆಳಗೆ ತಲೆ ಮೇಲೆ ಹೊರುವ ಕಸೂತಿ ಸಿಂಬೆ, ತೆಗೆದು ತೋರಿಸುತ್ತಾರೆ. ಬೆಲೆಯನ್ನೂ ಅವರೇ ಹೇಳುತ್ತಾರೆ, ನಾನು ಹೇಳುವುದಕ್ಕಿಂತ 500 ರೂಪಾಯಿ ಜಾಸ್ತಿ.

ಸೂಜಿ ಹಿಡಿದವರಿಗೆ ಹೊಲಿಗೆ ಹೇಳಿಕೊಡುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಸಂಡೂರಿನವರು ಲಂಬಾಣಿ ಕಸೂತಿಗೆ 14 ಹೊಲಿಗೆ ಲೆಕ್ಕ ಹಾಕುತ್ತಾರೆ. ಕಿಲಾನ್, ವೆಲೆ, ಮಾಕಿ, ಬಕ್ಕಿಯಾ, ನಾಕ್ರ ಅಂತ ನಿಮಗೇ ಗೊತ್ತು. ನಾನು ಹೇಳಬೇಕಾದದ್ದು ಕವಡೆ ಮತ್ತು ನಾರಿನ ವಿಷಯ. ಅದರಲ್ಲೇ ನನ್ನ ದುಡ್ಡು ಹೋದದ್ದು.

ನಮ್ಮದು ವಿಜಯಪುರ ಜಿಲ್ಲೆಯ ಒಂದು ತಾಂಡಾ. ಗಣೋ ಅಂದರೆ ಏನು ಅಂತ ತಾಂಡಾದ ಹೊರಗಿನವರಿಗೆ ಒಂದು ಮಾತು: ತಲೆ ಮೇಲೆ ಕೊಡ ಕೂರಿಸುವ ಸಿಂಬೆ, ಅದಕ್ಕೆ ಜೋಡಿಸಿ ಬೆನ್ನ ಕಡೆ ಇಳಿಬಿಟ್ಟ ಕಸೂತಿ ಬಟ್ಟೆ, ಅದರ ಸುತ್ತ ಕವಡೆ, ತುದಿಗೆ ಗೊಂಡೆ. ಮದುಮಗಳು ನೀರು ತರುವಾಗ, ತೀಜ್ ಹಬ್ಬದಲ್ಲಿ, ಇಂಥ ಹೊತ್ತಿಗೆ ಹೊರುವುದು. ಬೇರೆ ಕಡೆ ಇದರ ಭಾಗಗಳಿಗೆ ಬೇರೆ ಬೇರೆ ಹೆಸರಿವೆ. ಹೆಸರಿಗೆ ಜಗಳ ಬೇಡ.

ನಮ್ಮ ಅಜ್ಜಿಯ ಹತ್ತಿರ ಒಂದಿತ್ತು. ಯಾಡಿ, ಅಂದರೆ ನಮ್ಮ ಅವ್ವ, ಆಗ ಸೀಸನ್‌ನಲ್ಲಿ ಗೋವಾಕ್ಕೆ ಹೋಗಿ ಅಂಜುನಾದ ಬುಧವಾರದ ಸಂತೆಯಲ್ಲಿ ಚೀಲ, ಸರ, ಬಟ್ಟೆ ಹಾಸಿಕೊಂಡು ಮಾರುತ್ತಿದ್ದಳು. ಒಂದು ವರ್ಷ ಮಳೆ ಕೈಕೊಟ್ಟಿತ್ತು. 1996 ಇರಬೇಕು. ಪೆಟ್ಟಿಗೆಯಲ್ಲಿದ್ದ ಗಣೋ ತೆಗೆದುಕೊಂಡು ಹೋಗಿ 400 ರೂಪಾಯಿಗೆ ಒಬ್ಬ ಫಾರಿನ್ನವನಿಗೆ ಕೊಟ್ಟು ಬಂದಳು. ಆಗ ಅದು ಒಳ್ಳೇ ಬೆಲೆ. ಅಜ್ಜಿ ಬೈಯಲಿಲ್ಲ, ಆದರೆ ಎರಡು ದಿನ ಮಾತೂ ಆಡಲಿಲ್ಲ. ಅಂಥ ಹಳೇ ಸಾಮಾನು ನಮ್ಮ ತಾಂಡಾ ಒಂದರಿಂದಲೇ ಹತ್ತಿಪ್ಪತ್ತು ಹೋಗಿದ್ದಾವೆ. ಈಗ ನೋಡೋಣ ಅಂದರೂ ಒಂದು ಇಲ್ಲ.

ನನ್ನ ಹತ್ತಿರ ಉಳಿದದ್ದು ಒಂದು ಕಪ್ಪು ಬಿಳುಪು ಫೋಟೋ, ಚಿಕ್ಕಮ್ಮನ ಮದುವೆಯದ್ದು. ಅದರಲ್ಲಿ ಅಜ್ಜಿಯ ಗಣೋ ಹೊತ್ತವಳು ಒಂದು ಪಕ್ಕಕ್ಕೆ ತಿರುಗಿದ್ದಾಳೆ. ಮಗಳ ಮೊಬೈಲ್‌ನಲ್ಲಿ ಅದನ್ನು ದೊಡ್ಡದು ಮಾಡಿ ಬೆಂಕಿಕಡ್ಡಿ ಇಟ್ಟು ಎಣಿಸಿದೆ. ಒಂದು ಪಕ್ಕದ ಅಂಚಿಗೆ 31 ಕವಡೆ. ಕೆಳಗಿನ ಅಂಚು ಅರ್ಧ ಮಾತ್ರ ಕಾಣುತ್ತದೆ, ಪೂರ್ತಿ 22 ಅಂತ ಹಿಡಿದೆ. ಸಿಂಬೆಗೆ ಎರಡು ಸುತ್ತು, ಗೊಂಡೆಗಳ ತುದಿಗೆ ಜೋಡಿ ಜೋಡಿ. ಒಟ್ಟು 160, 165. ಪೂರ್ತಿ ಕೆಲಸ ನಿಂತಿರುವುದು ಈ ಲೆಕ್ಕದ ಮೇಲೆ.

ಮೊದಲ ಸಲ ಕವಡೆ ತಂದದ್ದು ತುಳಜಾಪುರದ ಪೂಜಾ ಅಂಗಡಿಗಳಿಂದ, ಭವಾನಿಗೆ ಹಾಕುವ ಕವಡೆ ಮಾಲೆ ಮಾರುವವರಿಂದ. ಮಾಲೆ ಲೆಕ್ಕದಲ್ಲಿ ಕೊಂಡರೆ ಸತ್ತೆವು. ಆಮೇಲೆ ಲಾರಿ ಓಡಿಸುವ ನಮ್ಮ ಅಣ್ಣ ರಾಮೇಶ್ವರದ ಕಡೆಯಿಂದ ಕಿಲೋ ಲೆಕ್ಕದಲ್ಲಿ ತಂದುಕೊಟ್ಟ. ಕಿಲೋಗೆ 500ರ ಹತ್ತಿರ ಬಿತ್ತು. ಒಂದು ಕಿಲೋದಲ್ಲಿ 800, 850 ಇರುತ್ತವೆ. ಬೆನ್ನ ಮೇಲೆ ಹಳದಿ ಉಂಗುರ ಇರುವ ಜಾತಿ ತಗೊಳ್ಳಿ, ಒಂದೇ ಅಳತೆಗೆ ಸಿಗುತ್ತದೆ. ಮೂಲೆ ಮೂಲೆ ಉಬ್ಬಿದ್ದು ಗಟ್ಟಿ ಹೌದು, ಆದರೆ ಸಾಲಿನಲ್ಲಿ ಕೂರಿಸಿದರೆ ಹಲ್ಲುದ್ದ ಹಲ್ಲು ಗಿಡ್ಡ ಅನ್ನೋ ಹಾಗೆ ಕಾಣುತ್ತದೆ. ವಾಸನೆ ನೋಡಿ ಕೊಳ್ಳಿ. ಒಳಗೆ ಹುಳ ಸತ್ತು ಒಣಗಿದ್ದ ಒಂದು ಚೀಲ ತಂದು ಮನೆಯವರೆಲ್ಲ ಒಂದು ವಾರ ಅಂಗಳದಲ್ಲಿ ಮಲಗಿದ್ದೆವು.

ಇನ್ನು ಉಜ್ಜುವುದು. ಬೆನ್ನು ತೆಗೆಯದ ಕವಡೆ ಬಟ್ಟೆ ಮೇಲೆ ಕೂರುವುದಿಲ್ಲ, ಮಗುಚುತ್ತದೆ. ಬೆನ್ನು ಹೋಗಬೇಕು, ಹಲ್ಲು ಹಲ್ಲಾಗಿರುವ ಬಾಯಿಯ ಕಡೆ ಉಳಿಯಬೇಕು. ಹಳಬರು ಒಂದೊಂದನ್ನೇ ಬಂಡೆಗೆ ಉಜ್ಜುತ್ತಿದ್ದರು. ಒಂದಕ್ಕೆ ನಾಲ್ಕು ನಿಮಿಷ, 160ಕ್ಕೆ ಎಷ್ಟಾಯ್ತು ನೀವೇ ಲೆಕ್ಕ ಹಾಕಿ. ಉಗುರು ಬೇರೆ ಸವೆಯುತ್ತದೆ. ನನ್ನ ಹೆಬ್ಬೆರಳು ಒಂದು ತಿಂಗಳು ಚಪಾತಿ ಹಿಟ್ಟು ಮುಟ್ಟಲಿಲ್ಲ.

ನಾನು ಬುದ್ಧಿವಂತೆ ಅಲ್ವಾ, ವೆಲ್ಡಿಂಗ್ ಅಂಗಡಿಯ ಗ್ರೈಂಡರ್ ಬಾಡಿಗೆಗೆ ತಂದೆ. ದಿನಕ್ಕೆ 150. ಹತ್ತು ಕವಡೆಯಲ್ಲಿ ನಾಲ್ಕು ಸೀಳಿದವು, ಮೂರು ಹಾರಿ ಹೋದವು, ಒಂದು ನೆರೆಮನೆಯ ಎಮ್ಮೆಗೆ ತಾಗಿತು. ಧೂಳು ಬಿಳೀ ಹೊಗೆ ಥರ ಏಳುತ್ತಿತ್ತು. ಮಗಳಿಗೆ ಮೂರು ವಾರ ಕೆಮ್ಮು. ಚಿಪ್ಪಿನ ಒಣ ಧೂಳು ಎದೆಗೆ ಕೆಟ್ಟದ್ದು. ನೀವು ಹೇಗಾದರೂ ಉಜ್ಜಿ, ನೀರು ಹಾಕಿ ಉಜ್ಜಿ. ಇದೊಂದು ಮಾತು ಬಿಡಬೇಡಿ.

ಆಮೇಲೆ ಡ್ರಿಲ್. ಎರಡು ತುದಿಗೆ ತೂತು ಕೊರೆದು ಗುಂಡಿ ಥರ ಹೊಲೆಯೋಣ ಅಂತ. ತುದಿಯಲ್ಲೇ ಕವಡೆಗೆ ಬಲ ಕಡಿಮೆ. ಹೊಲೆಯುವಾಗ ಚೆನ್ನಾಗಿತ್ತು, ಎರಡನೇ ಸಲ ಮಡಿಸಿ ಇಟ್ಟಾಗ ಟಪ್ ಟಪ್ ಅಂದವು. ಒಬ್ಬರು ಆಸಿಡ್ ಹಚ್ಚಿದರೆ ಬೆನ್ನು ತಾನೇ ಕರಗುತ್ತದೆ ಅಂದರು. ಕರಗಿತು. ಬೆನ್ನಿನ ಜೊತೆ ಹೊಳಪೂ ಕರಗಿ ಸುಣ್ಣದ ಉಂಡೆ ಆಯ್ತು. ಸುಣ್ಣ ಸುಟ್ಟುಕೊಳ್ಳುವುದೇ ಚಿಪ್ಪಿನಿಂದ ಅಂತ ಗೊತ್ತಿದ್ದೂ ಮಾಡಿದೆ ನೋಡಿ.

ದಾರಿ ಸಿಕ್ಕಿದ್ದು ಅಕ್ಕಸಾಲಿಯ ಅಂಗಡಿಯಲ್ಲಿ. ಯಾಡಿಯ ಹಳೇ ಬೆಳ್ಳಿ ಸಾಮಾನು ರಿಪೇರಿಗೆ ಕೊಡಲು ಹೋಗಿದ್ದೆ. ಅವರು ಒಂದು ಹಲಗೆ ಮೇಲೆ ಅರಗು ಕಾಸಿ, ಅದರಲ್ಲಿ ತಗಡು ಹೂತು, ಅದು ಗಟ್ಟಿಯಾದ ಮೇಲೆ ಕೆತ್ತುತ್ತಿದ್ದರು. ನಾನು ರಿಪೇರಿ ಮರೆತು ಅದನ್ನೇ ನೋಡುತ್ತ ನಿಂತೆ. "ಏನವ್ವ, ಕೆಲಸ ಕಲೀತೀಯೇನು?" ಅಂದರು. "ಹೌದ್ರಿ ಕಾಕಾ, ಹಳೇ ಅರಗಿದ್ದರೆ ಒಂದಿಷ್ಟು ಕೊಡ್ರಿ" ಅಂದೆ. ಪುಕ್ಕಟೆ ಕೊಟ್ಟರು.

ಒಂದು ಅಡಿ ಉದ್ದದ ಬೇವಿನ ಹಲಗೆ. ಮೇಲೆ ಬೆರಳು ದಪ್ಪ ಅರಗು. ಮೆತ್ತಗಿರುವಾಗ ಕವಡೆಗಳನ್ನು ಹಲ್ಲು ಕೆಳಗೆ ಮಾಡಿ ನಾಟಿ ಹಚ್ಚಿದ ಹಾಗೆ ಸಾಲಾಗಿ ಊರಬೇಕು, ಒಂದು ಹಲಗೆಗೆ 40. ಮೇಲೆ ಇನ್ನೊಂದು ಹಲಗೆ ಇಟ್ಟು ಒತ್ತಿದರೆ ಬೆನ್ನುಗಳೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ. ಆರಿದ ಮೇಲೆ ಹಲಗೆ ಮಗುಚಿ, ಬಂಡೆ ಮೇಲೆ ನೀರು ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ತಿಕ್ಕುವುದು, ಹಿಟ್ಟು ನಾದಿದ ಹಾಗೆ. ಮೊದಲು ಕರ್ ಕರ್ ಅನ್ನುತ್ತದೆ. ಬೆನ್ನು ಒಡೆದು ಒಳಗೆ ಪೊಳ್ಳು ಸಿಕ್ಕಾಗ ಶಬ್ದ ಬದಲಾಗುತ್ತದೆ, ಸ್ವಲ್ಪ ತೆಳ್ಳಗೆ, ಸರ್ ಅಂತ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ನಾಲ್ಕು ಸಲ ತಿಕ್ಕೋಣ ಅಂದಿರೋ, ತುಟಿ ಕಾಗದ ಆಗುತ್ತದೆ. 40 ಕವಡೆಗೆ ನನಗೆ ಈಗ ಅರ್ಧ ಗಂಟೆ ಮೇಲೆ ಐದು ನಿಮಿಷ. ಬೆಳಗಿನ ಚಳಿಯಲ್ಲಿ ಹಲಗೆಯ ಹಿಂದೆ ಸುತ್ತಿಗೆಯಿಂದ ತಟ್ಟಿದರೆ ಅರಗು ಬಿರಿದು ಕವಡೆ ಬಿಟ್ಟುಕೊಳ್ಳುತ್ತವೆ.

ಅರಗು ಜಾಸ್ತಿ ಕಾಸಬೇಡಿ, ಕವಡೆ ಹಳದಿ ತಿರುಗುತ್ತದೆ. ನನ್ನ ಮೊದಲ ಎರಡು ಹಲಗೆ ಬೀಡಿ ಸೇದುವವರ ಹಲ್ಲಿನ ಥರ ಆಗಿತ್ತು. ಇನ್ನೊಂದು ತೊಂದರೆ, ಅರಗು ಹಲ್ಲಿನ ಸಂದಿಗೆ ಹೋಗಿ ಕೂರುತ್ತದೆ. ಸೂಜಿಯಲ್ಲಿ ಕೆದರಿ ತೆಗೆದರೆ ಒಂದು ಕವಡೆಗೆ ಐದು ನಿಮಿಷ, ಅಲ್ಲಿಗೆ ಉಳಿಸಿದ್ದೆಲ್ಲ ಹೋಯ್ತು. ಅದಕ್ಕೆ ನಾನು ಊರುವ ಮೊದಲೇ ಕವಡೆಯ ಬಾಯಿಗೆ ಒಂದು ವಸ್ತು ತುಂಬುತ್ತೇನೆ. ಅಡಿಗೆ ಮನೆಯಲ್ಲೇ ಇರುವಂಥದ್ದು. ಹೆಸರು ಹೇಳುವುದಿಲ್ಲ. ನೀವೂ ಒಂದೆರಡು ಹಲಗೆ ಹಾಳು ಮಾಡಿ, ಸಿಗುತ್ತದೆ.

ಮೊದಲು ಹೊಲೆದ ಆರು ಗಣೋಗಳಲ್ಲಿ ಕವಡೆ ಉದುರಿದವು. ತಪ್ಪು ದಾರದ್ದು ಅಂತ ನೈಲಾನ್ ಹಾಕಿದೆ. ನೈಲಾನ್ ತುಂಡಾಗಲಿಲ್ಲ, ಬಟ್ಟೆಯನ್ನೇ ಕೊಯ್ದಿತು. ತಿಂಗಳಾದ ಮೇಲೆ ಗೊತ್ತಾಯ್ತು, ತಪ್ಪು ತೂತಿನ ಅಂಚಿನದ್ದು. ಉಜ್ಜಿದ ಅಂಚು ಬ್ಲೇಡ್ ಇದ್ದ ಹಾಗೆ ಇರುತ್ತದೆ, ಬೆರಳು ಆಡಿಸಿದರೆ ತಿಳಿಯುತ್ತದೆ. ಈಗ ಒಂದು ನೂಲಿನ ಹುರಿಗೆ ಎಣ್ಣೆ, ಸೋಸಿದ ಇಟ್ಟಿಗೆ ಪುಡಿ ಮೆತ್ತಿ, ಅದನ್ನು ಗೂಟಕ್ಕೆ ಕಟ್ಟಿ, ಕವಡೆ ಪೋಣಿಸಿ ಮಜ್ಜಿಗೆ ಕಡೆದ ಹಾಗೆ ಹಿಂದೆ ಮುಂದೆ ಎಳೆಯುತ್ತೇನೆ. ಹತ್ತು ಎಳೆತ ಸಾಕು. ದಾರ ಬರೀ ಹತ್ತಿಯದ್ದು, ಆರು ಎಳೆ ಹೊಸೆದು ಜೇನುಮೇಣ ಹಚ್ಚಿದ್ದು. ಮೇಣದಲ್ಲಿ ಇನ್ನೂ ಒಂದು ಬೆರಕೆ ಇದೆ, ಅದು ನನ್ನ ಮಗಳಿಗೂ ಇನ್ನೂ ಹೇಳಿಲ್ಲ.

ಮುಖ್ಯ ಮಾತು ಗಂಟಿನದ್ದು. ಸಂತೆಗೆ ಹೊಲೆಯುವವರು ಒಂದೇ ದಾರದಲ್ಲಿ ಸಾಲು ಪೂರ್ತಿ ಓಡಿಸುತ್ತಾರೆ. ಒಂದು ಕಡೆ ಕಡಿದರೆ ಇಡೀ ಸಾಲು ಮೆರವಣಿಗೆ ಹೊರಡುತ್ತದೆ. ನಾನು ಒಂದೊಂದು ಕವಡೆಗೂ ಒಳಗಡೆ ಒಂದೊಂದು ಗಂಟು ಹಾಕುತ್ತೇನೆ. "ಹುಚ್ಚಿ, ಯಾರು ತಿರುಗಿಸಿ ನೋಡ್ತಾರೆ?" ಅಂದಳು ನಮ್ಮ ಅತ್ತಿಗೆ. ಯಾರೂ ನೋಡುವುದಿಲ್ಲ. ಆದರೆ ಮೂರು ವರ್ಷದಲ್ಲಿ ಕವಡೆ ಉದುರಿತು ಅಂತ ಒಂದೂ ವಾಪಸ್ ಬಂದಿಲ್ಲ. ಒಂದು ಬಂತು, ಅದು ಇಲಿ ಕಡಿದದ್ದು.

ಬಣ್ಣದ ಕತೆ ಬೇಗ ಹೇಳಿ ಮುಗಿಸುತ್ತೇನೆ, ನೆನೆದರೆ ಈಗಲೂ ಸಂಕಟ. ಕೆಂಪು ಬಟ್ಟೆ ಮೊದಲ ತೊಳೆತಕ್ಕೇ ಬಣ್ಣ ಬಿಟ್ಟಿತು. ಉಜ್ಜಿದ ಕಡೆ ಕವಡೆ ನೀರು ಹೀರುತ್ತದೆ, ಅಷ್ಟೂ ಗುಲಾಬಿ ಆದವು. ಬಣ್ಣ ನಿಲ್ಲಲಿ ಅಂತ ಯಾರೋ ಹೇಳಿದ್ದು ಕೇಳಿ ಎರಡು ಪೂರ್ತಿ ಗಣೋಗಳನ್ನು ರಾತ್ರಿಯೆಲ್ಲ ಹುಣಸೆ ನೀರಿನಲ್ಲಿ ನೆನೆಹಾಕಿದೆ. ಬೆಳಗ್ಗೆ ಬಣ್ಣವೇನೋ ನಿಂತಿತ್ತು. ಕವಡೆ ಎಲ್ಲ ಕುರುಡು ಕಣ್ಣಿನ ಹಾಗೆ ಮಸಕು. ಹುಳಿ ಯಾವುದಾದರೇನು, ಆಸಿಡ್‌ನ ತಮ್ಮನೇ. ಐವತ್ತು ದಿನದ ಕೆಲಸ. ಈಗ ಬಟ್ಟೆಯನ್ನು ಕತ್ತರಿಸುವ ಮೊದಲೇ ಬಿಸಿ ನೀರಲ್ಲಿ ನಾಲ್ಕು ಸಲ ತೊಳೆದು, ಬಿಳೀ ಪಂಚೆ ಚೂರು ಇಟ್ಟು ಇಸ್ತ್ರಿ ಮಾಡಿ ನೋಡುತ್ತೇನೆ. ಚೂರು ಬಿಳಿ ಇದ್ದರೆ ಮಾತ್ರ ಕತ್ತರಿ.

ಸಿಂಬೆಯ ಹೊಟ್ಟೆಗೆ ಏನು ತುಂಬಬೇಕು ಅನ್ನುವುದಕ್ಕೇ ಒಂದು ವರ್ಷ ಹೋಯ್ತು. ಮಾರಾಟದವರು ಸ್ಪಂಜು ಹಾಕುತ್ತಾರೆ. ತುಂಬಿದ ಹಿತ್ತಾಳೆ ಕೊಡ ಇಟ್ಟರೆ ಅದು ರೊಟ್ಟಿ ಆಗುತ್ತದೆ. ಪೇಪರ್ ಸುತ್ತಿದೆ, ನೀರು ತುಳುಕಿ ಊದಿತು. ತೆಂಗಿನ ನಾರು ಪುಟಿಯುತ್ತದೆ, ತಲೆಗೆ ಚುಚ್ಚುತ್ತದೆ. ಕತ್ತಾಳೆ ನಾರು ಹಾಕಿ ಎರಡು ದಿನ ಕುತ್ತಿಗೆ ಕೆರೆದುಕೊಂಡೆ. ಹಳೇ ಸೀರೆ ಚೆನ್ನಾಗಿರುತ್ತದೆ, ಆದರೆ ಒದ್ದೆಯಾದರೆ ಭಾರ, ಮುಗ್ಗಲು ವಾಸನೆ.

ಉತ್ತರ ಅತ್ತೆಯ ಹೊಲದ ಬದುವಿನಲ್ಲೇ ಇತ್ತು. ಪುಂಡಿ. ನಾವು ಪಲ್ಯಕ್ಕೆ ಅಂತ ಎಲೆ ಕೀಳುತ್ತೇವೆ, ಗಿಡ ಬಿಟ್ಟುಬಿಡುತ್ತೇವೆ. ಹೂ ಬಂದ ಮೇಲೆ ದಂಟು ಕೊಯ್ದು ಕಟ್ಟು ಕಟ್ಟಿ ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿದೆ. ಹದಿನೈದು ದಿನ. ನಾತ ಮಾತ್ರ ಹೇಳಬಾರದು. ಬಟ್ಟೆ ಒಗೆಯಲು ಬರುವವರ ಜೊತೆ ಜಗಳವೂ ಆಯ್ತು. ಹನ್ನೆರಡನೇ ದಿನಕ್ಕೆ ತೆಗೆದ ಕಟ್ಟಿನಲ್ಲಿ ತೊಗಟೆ ಬಿಡಲಿಲ್ಲ, ಇಪ್ಪತ್ತಕ್ಕೆ ತೆಗೆದದ್ದು ಹಿಡಿದರೆ ಪುಸಕ್ಕನೆ ಕಡಿಯಿತು. ಹದಿನೈದೇ ಸರಿ, ಚಳಿಗಾಲದಲ್ಲಿ ಇನ್ನೆರಡು ದಿನ ಜಾಸ್ತಿ. ತೊಳೆದು ಒಣಗಿಸಿ ತೊಡೆ ಮೇಲೆ ಹೊಸೆದು ಹಗ್ಗ ಮಾಡಿ, ಮೂರು ಹಗ್ಗ ಜಡೆ ಹೆಣೆದು, ಸುತ್ತಿ ಬಿಗಿದೆ. ಅದರ ಮೇಲೆ ಹಳೇ ಹತ್ತಿ ಬಟ್ಟೆ, ಅದರ ಮೇಲೆ ಕಸೂತಿ. ಕೊಡ ಇಟ್ಟರೆ ಸ್ವಲ್ಪ ಕೂರುತ್ತದೆ, ತೆಗೆದರೆ ಏಳುತ್ತದೆ. ಮಾವ ಅದರ ಮೇಲೆ ಹತ್ತಿ ನಿಂತು ನೋಡಿದರು. ಅವತ್ತಿಂದಲೇ ಅವರು ಪಾರ್ಟಿ ಬದಲಾಯಿಸಿದ್ದು.

ದುಡ್ಡಿನ ವಿಷಯ. ಸಂಘದಿಂದ 30,000 ಸಾಲ ಎತ್ತಿದೆ. ಮೊದಲ ವರ್ಷ ಬಟ್ಟೆ, ಕವಡೆ, ಕನ್ನಡಿ, ದಾರ, ಓಡಾಟ ಸೇರಿ 38,000 ಹೋಯ್ತು. ವಾಪಸ್ ಬಂದದ್ದು 9,000ದ ಆಸುಪಾಸು. ದೊಡ್ಡ ಊರಿನ ಒಂದು ಅಂಗಡಿಯವರು ಮಾರಿದ ಮೇಲೆ ಕೊಡ್ತೀವಿ ಅಂತ ನಾಲ್ಕು ಗಣೋ ಇಟ್ಟುಕೊಂಡರು. ಎರಡಕ್ಕೆ ದುಡ್ಡು ಕೊಟ್ಟರು, ಇನ್ನೆರಡು ಎಲ್ಲಿ ಅಂತ ಕೇಳಿದರೆ ಇವತ್ತಿಗೂ "ಮೇಡಂ ಇಲ್ಲ". ಎರಡನೇ ವರ್ಷವೂ ನಷ್ಟವೇ. ಸಂಘದ ಕಂತಿಗೆ ನಾನು ಕಬ್ಬು ಕಡಿಯಲು ಹೋಗಿದ್ದು ಸುಳ್ಳಲ್ಲ. ಮೂರನೇ ವರ್ಷ ಕೊನೆಗೆ ಕೈ ಸರಿಸಮ ಆಯ್ತು.

ಈಗ ಒಂದು ಗಣೋಗೆ ಸಾಮಾನು 1,400 ಬೀಳುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ 25 ದಿನ. ತಾಂಡಾದವರಿಗೆ 5,000ಕ್ಕೆ ಕೊಡುತ್ತೇನೆ, ಅದೂ ಕಂತಿನಲ್ಲಿ. ಹೊರಗಿನವರಿಗೆ 9,000. ತಾಂಡಾದ ರೇಟಿನಲ್ಲಿ ಗಂಟೆಗೆ 36 ರೂಪಾಯಿ ಬಿತ್ತು, ಹೊಲದ ಕೂಲಿಗಿಂತ ಕಡಿಮೆ. ಹೊರಗಿನ ರೇಟಿನಲ್ಲಿ ಎರಡರಷ್ಟು. ಆದರೂ ವರ್ಷಕ್ಕೆ ಹೊರಗೆ ಐದು ಕೊಟ್ಟರೆ ತಾಂಡಾಕ್ಕೆ ಮೂರು ಕೊಡಲೇಬೇಕು ಅಂತ ಹಠ ಹಿಡಿದಿದ್ದೇನೆ. ಎಲ್ಲ ಹೊರಗೇ ಹೋದರೆ ಯಾಡಿ ಮಾಡಿದ್ದೇ ನಾನೂ ಮಾಡಿದ ಹಾಗಾಯ್ತಲ್ಲ. ಸುಮ್ನೆ ಗೋಡೆಗೆ ತೂಗುಹಾಕುವವರ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಅಳತೆ ತಲೆಯದ್ದು, ಗೋಡೆಯದ್ದಲ್ಲ.

ಒಬ್ಬ ಡಿಸೈನರ್ ಹುಡುಗಿ ಬಂದಿದ್ದಳು, ಒಳ್ಳೆಯವಳು. ಕನ್ನಡಿ ಬೇಡ, ಬಣ್ಣ ಎಲ್ಲ ಬೂದು ಮತ್ತು ಬಿಳಿ ಇರಲಿ, ಇಪ್ಪತ್ತು ಪೀಸ್ ಬೇಕು ಅಂದಳು. ಇಪ್ಪತ್ತು ಪೀಸ್ ಅಂದರೆ ಒಂದೂವರೆ ಲಕ್ಷ ದಾಟುತ್ತದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಬೇಡ ಅಂದೆ. ದೂರದಿಂದ ನೋಡಿದರೆ ಗೋರ್, ಅಂದರೆ ನಮ್ಮ ಲಂಬಾಣಿ ಹೆಂಗಸು ಬರುತ್ತಿದ್ದಾಳೆ ಅಂತ ಗೊತ್ತಾಗಬೇಕು, ಬೂದು ಬಣ್ಣ ನಾವು ಯಾವತ್ತೂ ಉಟ್ಟವರಲ್ಲ. ಗಂಡ ಒಂದು ವಾರ ಮುಖ ಊದಿಸಿಕೊಂಡಿದ್ದರು. ಅವರದ್ದೂ ತಪ್ಪಿಲ್ಲ.

ನಡುವೆ ಬೇರೆ ಆಟಗಳೂ ಆದವು. ಕವಡೆ ಬದಲು ಹುಣಸೆ ಬೀಜ ಸೀಳಿ ಹೊಲೆದೆ, ಎರಡು ತಿಂಗಳಿಗೆ ಹುಳ ಬಿತ್ತು. ಗದ್ದೆಯ ಬಸವನಹುಳುವಿನ ಚಿಪ್ಪು ಮುಟ್ಟಿದರೆ ಪುಡಿ. ಪ್ಲಾಸ್ಟಿಕ್ ಕವಡೆ ಅಂತ ಒಂದು ಬಂದಿದೆ, ಹಗುರ, ಅಗ್ಗ. ಆದರೆ ನಡೆಯುವಾಗ ಅದರ ಸದ್ದು ಬಕೆಟ್ಟಿನ ಸದ್ದು. ನಿಜವಾದ ಕವಡೆ ಗೊಂಡೆ ಒಂದಕ್ಕೊಂದು ತಾಗಿದರೆ ಬರುವ ಸದ್ದೇ ಬೇರೆ, ಕತ್ತಲಲ್ಲೂ ಯಾರು ಬಂದರು ಅಂತ ಹೇಳಬಹುದು. ಪುಂಡಿ ನಾರಿನ ಚೂರುಗಳಲ್ಲಿ ಕಿವಿಯೋಲೆ ಮಾಡಿ ಒಂದೊಂದು ಕವಡೆ ಹಚ್ಚಿದ್ದು ಮಾತ್ರ ಚೆನ್ನಾಗಿ ಓಡಿತು. ಜೋಡಿಗೆ 120. ಕಾಲೇಜು ಹುಡುಗಿಯರು ತಗೊಂಡರು. ಹೋದ ವರ್ಷ ಗಣೋದ ನಷ್ಟ ಮುಚ್ಚಿದ್ದು ಈ ಕಿವಿಯೋಲೆಗಳೇ. ಹೇಳಿಕೊಳ್ಳಲು ನಾಚಿಕೆ.

2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ಆದಾಗ ನಮ್ಮ 450ಕ್ಕೂ ಜಾಸ್ತಿ ಹೆಣ್ಣುಮಕ್ಕಳು ಹೊಲೆದ 1,755 ಕಸೂತಿಗಳನ್ನು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯ್ತು, ಸಂಡೂರು ಕುಶಲ ಕಲಾ ಕೇಂದ್ರದವರ ಜೊತೆ. ನಾನು ಅದರಲ್ಲಿ ಇರಲಿಲ್ಲ, ಅವತ್ತು ಹಳ್ಳದಲ್ಲಿ ಕವಡೆ ತಿಕ್ಕುತ್ತಿದ್ದೆ. ಟಿವಿಯಲ್ಲಿ ನೋಡಿ ಹೊಟ್ಟೆಕಿಚ್ಚೂ ಆಯ್ತು, ಕಣ್ಣಲ್ಲಿ ನೀರೂ ಬಂತು. ಅದಾದ ಮೇಲೆ ನಮ್ಮ ತಾಂಡಾದಲ್ಲೂ ನಾಲ್ಕೈದು ಹುಡುಗಿಯರು ಪೆಟ್ಟಿಗೆ ತೆಗೆದು ಅಜ್ಜಿಯರ ಕಾಂಚಳಿ (ಕುಪ್ಪಸ), ಫೆಟಿಯಾ (ಲಂಗ) ಹುಡುಕಿದರು. ಅದು ನನಗೆ ಲಾಭವೇ.

ನಿಜವಾದ ಪರೀಕ್ಷೆ ಹೋದ ಶ್ರಾವಣದ ತೀಜ್. ಗೋಧಿ ಮೊಳಕೆಗೆ ಒಂಬತ್ತು ದಿನ ಹುಡುಗಿಯರು ನೀರು ಹಾಕುತ್ತಾರಲ್ಲ, ಮೂರು ಹುಡುಗಿಯರು ನನ್ನ ಗಣೋ ಹೊತ್ತುಕೊಂಡು ಬೋರ್‌ವೆಲ್‌ನಿಂದ ನೀರು ತಂದರು. ಮಳೆ ಬೇರೆ ಜಿನುಗುತ್ತಿತ್ತು. ಕೊಡ ತುಳುಕಿ ಬೆನ್ನ ಮೇಲಿನ ಬಟ್ಟೆ ತೊಯ್ದು ತೊಪ್ಪೆ. ನಾನು ಹಾಡುವುದು ಬಿಟ್ಟು ಅವರ ಹಿಂದೆ ಹಿಂದೆ ನಡೆದು ಕವಡೆ ಎಣಿಸುತ್ತಿದ್ದೆ. ಒಂಬತ್ತು ದಿನ ಆದ ಮೇಲೂ ಒಂದು ಬಿದ್ದಿಲ್ಲ, ಒಂದು ಗುಲಾಬಿ ಆಗಿಲ್ಲ.

ಯಾಡಿ ಕಟ್ಟೆ ಮೇಲೆ ಕೂತಿದ್ದಳು. ಕೊನೆ ದಿನ ಒಂದನ್ನು ಮಡಿಲಲ್ಲಿ ಇಟ್ಟುಕೊಂಡು ತಿರುಗಿಸಿ ಒಳಗಿನ ಗಂಟು ನೋಡಿದಳು. ಬೆರಳಲ್ಲಿ ಎಣಿಸುತ್ತ ಹೋದಳು, ಕೆಳಗಿನ ಮೂಲೆಗೆ ಬಂದು ನಿಂತಳು. "ಇಲ್ಲಿ ಒಂದು ನೀಲಿ ಮಣಿ ಇತ್ತು. ಎರಡೂ ಮೂಲೆಗೆ." ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, "ನೀನು ಕೇಳಲಿಲ್ಲ" ಅಂದಳು. ಫೋಟೋದಲ್ಲಿ ಆ ಮೂಲೆ ಮಡಚಿಕೊಂಡಿದೆ, ಕಾಣುವುದಿಲ್ಲ.

ಈಗ ಕೈಯಲ್ಲಿರುವ ಗಣೋದ ಮೂಲೆ ಬಿಚ್ಚಿದ್ದೇನೆ. ಆರ್ಡರ್ ನಾಲ್ಕು ದಿನ ತಡ ಆಗುತ್ತದೆ, ಮದುವೆ ಮನೆಯವರಿಗೆ ಹೇಳಿಯಾಯ್ತು. ಅಂಗಡಿಯ ಹೊಸ ಮಣಿ ತೋರಿಸಿದರೆ ಯಾಡಿ ಇದಲ್ಲ ಅನ್ನುತ್ತಾಳೆ. ಸ್ವಲ್ಪ ಉದ್ದಕ್ಕೆ, ಕಡಲೆ ಗಾತ್ರ, ಒಳಗೆ ಗುಳ್ಳೆ ಇರುವ ಗಾಜು ಅಂತೆ. ಯಾರ ಪೆಟ್ಟಿಗೆಯಲ್ಲಾದರೂ ಅಂಥ ಹಳೇ ನೀಲಿ ಮಣಿ ಇದ್ದರೆ ನನಗೊಂದು ಮಾತು ಹೇಳಿ. ಜೋಡಿಗೆ 200 ಕೊಡುತ್ತೇನೆ.